ಎಡಿಸನ್ ಮತ್ತು ಕಾರಿನ ಬ್ಯಾಟರಿ

ಬಲ್ಬ್ ಅಂದ ಕೂಡಲೇ ನಮಗೆಲ್ಲ ನೆನಪಾಗುವ ಹೆಸರು ಥಾಮಸ್ ಆಲ್ವಾ ಎಡಿಸನ್. ಆದರೆ ಅವರು ಸುಮಾರು ಹತ್ತು ವರ್ಷ ಒಂದು ಬ್ಯಾಟರಿಗಾಗಿ ಕಷ್ಟಪಟ್ಟರು ಅನ್ನೋದು ನಿಮಗೆ ಗೊತ್ತಾ? ಅದೂ ಎಲೆಕ್ಟ್ರಿಕ್ ಕಾರಿನ ಬ್ಯಾಟರಿ! ಹೌದು ಮಕ್ಕಳೇ, ನೂರು ವರ್ಷಕ್ಕೂ ಹಿಂದೆಯೇ ಅಮೆರಿಕದ ರಸ್ತೆಗಳಲ್ಲಿ ಎಲೆಕ್ಟ್ರಿಕ್ ಕಾರುಗಳು ಓಡಾಡುತ್ತಿದ್ದವು.

ಎಡಿಸನ್ ಹುಟ್ಟಿದ್ದು 1847ರ ಫೆಬ್ರವರಿ 11ರಂದು, ಒಹಾಯೋ ರಾಜ್ಯದ ಮಿಲಾನ್ ಎಂಬ ಊರಿನಲ್ಲಿ. ಶಾಲೆಗೆ ಹೋಗಿದ್ದು ಬಹಳ ಕಡಿಮೆ. ಮೊದಲು ಟೀಚರ್ ಆಗಿದ್ದ ಅಮ್ಮ ನ್ಯಾನ್ಸಿ ಮನೆಯಲ್ಲೇ ಪಾಠ ಹೇಳಿಕೊಟ್ಟರು. ಚಿಕ್ಕಂದಿನಲ್ಲೇ ಕಿವಿ ಸರಿಯಾಗಿ ಕೇಳಿಸದಂತಾಯಿತು. ಹನ್ನೆರಡನೇ ವಯಸ್ಸಿಗೆ ರೈಲಿನಲ್ಲಿ ಪೇಪರ್, ಮಿಠಾಯಿ ಮಾರತೊಡಗಿದ ಈ ಹುಡುಗ, ಅದೇ ರೈಲಿನ ಲಗೇಜ್ ಡಬ್ಬಿಯಲ್ಲಿ ರಸಾಯನಶಾಸ್ತ್ರದ ಪ್ರಯೋಗಗಳನ್ನೂ ಮಾಡುತ್ತಿದ್ದ.

ಮುಂದೆ ಟೆಲಿಗ್ರಾಫ್ ಆಫೀಸಿನಲ್ಲಿ ಕೆಲಸ ಸಿಕ್ಕಿತು. ಒಂದು ರಾತ್ರಿ ಪಾಳಿಯಲ್ಲಿ ಬ್ಯಾಟರಿ ಜೊತೆ ಪ್ರಯೋಗ ಮಾಡುವಾಗ ಆಸಿಡ್ ಚೆಲ್ಲಿ, ಹಲಗೆಗಳ ಸಂದಿನಿಂದ ಕೆಳಗಿನ ಮಹಡಿಯಲ್ಲಿದ್ದ ಮೇಲಧಿಕಾರಿಯ ಮೇಜಿನ ಮೇಲೆ ಸುರಿಯಿತಂತೆ. ಆ ಕೆಲಸ ಹೋಯಿತು. ಬ್ಯಾಟರಿಯ ಹುಚ್ಚು ಮಾತ್ರ ಹೋಗಲಿಲ್ಲ!

1877ರಲ್ಲಿ ಫೋನೋಗ್ರಾಫ್, 1879ರಲ್ಲಿ ಬಹಳ ಹೊತ್ತು ಉರಿಯುವ ಬಲ್ಬ್ ಮಾಡಿ ಎಡಿಸನ್ ಜಗತ್ತಿಗೆಲ್ಲ ಹೆಸರುವಾಸಿಯಾದರು. 1887ರಲ್ಲಿ ನ್ಯೂಜೆರ್ಸಿಯ ವೆಸ್ಟ್ ಆರೆಂಜ್‌ನಲ್ಲಿ ದೊಡ್ಡ ಪ್ರಯೋಗಾಲಯ ಕಟ್ಟಿಸಿದರು.

ಆ ಕಾಲದಲ್ಲಿ ಹಬೆ, ಪೆಟ್ರೋಲ್, ವಿದ್ಯುತ್ ಮೂರರಿಂದಲೂ ಕಾರುಗಳು ಓಡುತ್ತಿದ್ದವು. ಎಲೆಕ್ಟ್ರಿಕ್ ಕಾರಿಗೆ ಹೊಗೆ ಇಲ್ಲ, ಗದ್ದಲ ಇಲ್ಲ. ಆದರೆ ಅದರ ಸೀಸದ ಬ್ಯಾಟರಿ ತುಂಬಾ ಭಾರ, ಒಳಗೆ ಆಸಿಡ್ ಬೇರೆ. ಸೀಸ, ಆಸಿಡ್ ಎರಡೂ ಇಲ್ಲದ, ಹಗುರವಾದ, ಬಹಳ ಕಾಲ ಬಾಳುವ ಬ್ಯಾಟರಿ ಬೇಕು ಅಂತ ಎಡಿಸನ್ ಹಟ ಹಿಡಿದರು. ನೂರಾರು ವಸ್ತುಗಳನ್ನು ಪರೀಕ್ಷಿಸಿ ಕೊನೆಗೆ ನಿಕ್ಕಲ್ ಮತ್ತು ಕಬ್ಬಿಣವನ್ನು ಆರಿಸಿಕೊಂಡರು. 1903ರ ಹೊತ್ತಿಗೆ ಹೊಸ ಬ್ಯಾಟರಿ ಮಾರುಕಟ್ಟೆಗೆ ಬಂತು.

ಬ್ಯಾಟರಿ ಆರೋಗ್ಯವಾಗಿದೆಯೋ ಇಲ್ಲವೋ ಅಂತ ಕಣ್ಣಿನಿಂದ ನೋಡಿ ಹೇಳೋಕಾಗಲ್ಲ. ಅದನ್ನು ಪೂರ್ತಿ ಚಾರ್ಜ್ ಮಾಡಿ, ಒಂದೇ ಪ್ರಮಾಣದ ಕರೆಂಟ್ ತೆಗೆಯುತ್ತಾ, ಖಾಲಿಯಾಗಲು ಎಷ್ಟು ಹೊತ್ತು ಹಿಡಿಯುತ್ತೆ ಅಂತ ಅಳೆಯಬೇಕು. ಉದಾಹರಣೆಗೆ, ಹೊಸ ಬ್ಯಾಟರಿ 30 ಆಂಪಿಯರ್ ಕರೆಂಟನ್ನು 5 ಗಂಟೆ ಕೊಟ್ಟರೆ ಅದರ ಸಾಮರ್ಥ್ಯ 150 ಆಂಪಿಯರ್-ಗಂಟೆ. ಕೆಲವು ವರ್ಷಗಳ ನಂತರ ಅದೇ ಕರೆಂಟ್ 4 ಗಂಟೆ ಮಾತ್ರ ಬಂದರೆ ಸಾಮರ್ಥ್ಯ 120ಕ್ಕೆ ಇಳಿದಿದೆ. ಅಂದರೆ ಆರೋಗ್ಯ ಶೇಕಡಾ 80. ಬಿಂದಿಗೆಯ ತಳದಲ್ಲಿ ಮರಳು ತುಂಬಿದ ಹಾಗೆ ಇದು. ಹೊರಗಿಂದ ಅದೇ ಬಿಂದಿಗೆ, ಆದರೆ ಹಿಡಿಯುವ ನೀರು ಕಡಿಮೆ.

ಎಡಿಸನ್ ಅವರ ಬ್ಯಾಟರಿಗೂ ಹೀಗೇ ಆಯಿತು. ಪ್ರಯೋಗಾಲಯದಲ್ಲಿ ಚೆನ್ನಾಗಿದ್ದ ಬ್ಯಾಟರಿಗಳು ರಸ್ತೆಗಿಳಿದ ಮೇಲೆ ಕೆಲವು ಸೋರತೊಡಗಿದವು, ಕೆಲವು ಬೇಗ ಬೇಗ ಖಾಲಿಯಾಗತೊಡಗಿದವು. ದೂರುಗಳು ಬಂದವು. ಎಡಿಸನ್ ಆಗಲೇ ದೊಡ್ಡ ಹೆಸರಿನವರು, ಹೊಸ ಬ್ಯಾಟರಿಯನ್ನು ಎಲ್ಲರ ಮುಂದೆ ಹೊಗಳಿಕೊಂಡಿದ್ದರು ಕೂಡ. ದೂರು ಹೇಳಿದವರ ಬಾಯಿ ಮುಚ್ಚಿಸಿ ಮಾರಾಟ ಮುಂದುವರಿಸಬಹುದಿತ್ತು. ಅವರು ಹಾಗೆ ಮಾಡಲಿಲ್ಲ. 1904ರಲ್ಲಿ ತಯಾರಿಕೆಯನ್ನೇ ನಿಲ್ಲಿಸಿ, ಕೆಟ್ಟ ಬ್ಯಾಟರಿಗಳನ್ನು ವಾಪಸ್ ತೆಗೆದುಕೊಂಡರು.

ಮತ್ತೆ ಮೊದಲಿಂದ ಕೆಲಸ ಶುರು. ಪರೀಕ್ಷೆ ಈಗ ಇನ್ನೂ ಕಠಿಣವಾಯಿತು. ಬ್ಯಾಟರಿಗಳನ್ನು ಸಾಲಾಗಿ ಇಟ್ಟು ಮತ್ತೆ ಮತ್ತೆ ಚಾರ್ಜ್ ಮಾಡಿ, ಖಾಲಿ ಮಾಡಿ, ಪ್ರತಿ ಸಲವೂ ಎಷ್ಟು ಕೊಟ್ಟಿತು ಅಂತ ಬರೆದಿಟ್ಟರು. ಕಾರುಗಳಲ್ಲಿ ಕೂರಿಸಿ ಹಳ್ಳ ದಿಣ್ಣೆಯ ರಸ್ತೆಗಳಲ್ಲಿ ಓಡಿಸಿದರು. ಮೇಲಿನ ಮಹಡಿಯ ಕಿಟಕಿಯಿಂದ ಕೆಳಕ್ಕೂ ಹಾಕಿ ನೋಡಿದರು! ತಪ್ಪು ಎಲ್ಲಿದೆ ಅಂತ ನಿಧಾನವಾಗಿ ಗೊತ್ತಾಯಿತು. ನಿಕ್ಕಲ್ ಜೊತೆ ಬೆರೆಸಿದ್ದ ಗ್ರಾಫೈಟ್ ಬಾಳುತ್ತಿರಲಿಲ್ಲ. ಅದರ ಬದಲು ಕಾಗದಕ್ಕಿಂತ ತೆಳುವಾದ ನಿಕ್ಕಲ್ ಚೂರುಗಳನ್ನು ಉಕ್ಕಿನ ಪುಟ್ಟ ಕೊಳವೆಗಳಲ್ಲಿ ಪದರ ಪದರವಾಗಿ ತುಂಬಿದರು.

1909ರಲ್ಲಿ ಹೊಸ ಬ್ಯಾಟರಿ ಬಂತು. ಇದು ನಿಜಕ್ಕೂ ಗಟ್ಟಿ. ಆದರೆ ಅಷ್ಟರಲ್ಲಿ ಕಾಲ ಬದಲಾಗಿತ್ತು. 1908ರಲ್ಲಿ ಹೆನ್ರಿ ಫೋರ್ಡ್ ಅವರ ಮಾಡೆಲ್ ಟಿ ಬಂದು ಪೆಟ್ರೋಲ್ ಕಾರು ಜನಸಾಮಾನ್ಯರ ಕೈಗೆ ಸಿಗತೊಡಗಿತ್ತು. ನಿಧಾನವಾಗಿ ಎಲೆಕ್ಟ್ರಿಕ್ ಕಾರುಗಳು ಮರೆಯಾದವು. ಎಡಿಸನ್ ಬ್ಯಾಟರಿಗೂ ಕೊರತೆಗಳಿದ್ದವು: ಬೆಲೆ ಜಾಸ್ತಿ, ಚಳಿಯಲ್ಲಿ ಶಕ್ತಿ ಕಡಿಮೆ. ಆದರೂ ಸಾಮಾನು ಸಾಗಿಸುವ ಗಾಡಿಗಳಿಗೆ, ರೈಲ್ವೆ ಸಿಗ್ನಲ್‌ಗಳಿಗೆ, ಗಣಿ ಕೆಲಸಗಾರರ ತಲೆಯ ದೀಪಗಳಿಗೆ ಅದು ಹಲವಾರು ವರ್ಷ ದುಡಿಯಿತು, ಎಡಿಸನ್‌ಗೆ ಒಳ್ಳೆಯ ಲಾಭವನ್ನೂ ತಂದಿತು. 1931ರ ಅಕ್ಟೋಬರ್ 18ರಂದು, 84ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು.

ಈಗ ಎಲೆಕ್ಟ್ರಿಕ್ ಕಾರುಗಳು ಮತ್ತೆ ಬಂದಿವೆ. ಅವುಗಳಲ್ಲಿರೋದು ಲಿಥಿಯಂ ಬ್ಯಾಟರಿ. ಕಾರಿನೊಳಗಿನ ಕಂಪ್ಯೂಟರ್ ವೋಲ್ಟೇಜ್, ಕರೆಂಟ್, ಬಿಸಿ ಎಲ್ಲವನ್ನೂ ಸದಾ ಅಳೆದು ಬ್ಯಾಟರಿಯ ಆರೋಗ್ಯವನ್ನು ಲೆಕ್ಕ ಹಾಕುತ್ತೆ. ಅಮೆರಿಕದಲ್ಲಿ ಇವಕ್ಕೆ ಸಾಮಾನ್ಯವಾಗಿ 8 ವರ್ಷ ಅಥವಾ 1 ಲಕ್ಷ ಮೈಲಿ ವಾರಂಟಿ ಇರುತ್ತೆ. ಅಪ್ಪ ಅಮ್ಮ ಸೆಕೆಂಡ್ ಹ್ಯಾಂಡ್ ಎಲೆಕ್ಟ್ರಿಕ್ ಕಾರು ನೋಡೋಕೆ ಹೊರಟರೆ, ಬಣ್ಣ ನೋಡೋ ಮೊದಲು ಬ್ಯಾಟರಿ ಆರೋಗ್ಯ ಶೇಕಡಾ ಎಷ್ಟು ಅಂತ ಕೇಳೋಕೆ ನೀವೇ ಹೇಳಿ.

ವೆಸ್ಟ್ ಆರೆಂಜ್‌ನ ಆ ಪ್ರಯೋಗಾಲಯ ಈಗ ವಸ್ತುಸಂಗ್ರಹಾಲಯವಾಗಿದೆ. ನ್ಯೂಜೆರ್ಸಿ ಕಡೆ ಹೋದರೆ ತಪ್ಪದೆ ನೋಡಿ ಬನ್ನಿ. ತನ್ನ ಕೈಯಾರೆ ಮಾಡಿದ್ದು ಸರಿಯಿಲ್ಲ ಅಂತ ಅಳತೆ ತೋರಿಸಿದಾಗ, ಅದನ್ನು ಒಪ್ಪಿಕೊಂಡು ಮತ್ತೆ ಐದು ವರ್ಷ ದುಡಿದ ಮನುಷ್ಯ ಕೆಲಸ ಮಾಡಿದ ಜಾಗ ಅದು.