ಹೊಲದಲ್ಲಿ ನಿಂತಿದ್ದ ದೋಣಿ

ಕೈಯಲ್ಲಿ ಕೆಲಸವಿಲ್ಲದ, ಪ್ರೀತಿಯ ಮಡದಿಯನ್ನು ಮಣ್ಣಿಗಿಟ್ಟು ಬಂದ, ವಯಸ್ಸು ಐವತ್ತರ ಹತ್ತಿರಕ್ಕೆ ಬಂದ ಒಬ್ಬ ಮನುಷ್ಯನಿಗೆ ಯಾರೋ ತಮಾಷೆಗೆಂದು ಒಂದು ಮುರುಕಲು ದೋಣಿಯನ್ನು ದಾನ ಮಾಡಿದರೆ ಆತ ಏನು ಮಾಡಿಯಾನು? ಒಲೆಗೆ ಸೌದೆಯಾಯಿತೆಂದು ಒಡೆದು ಹಾಕಿಯಾನು, ಇಲ್ಲವೇ ನಕ್ಕು ತನ್ನ ದಾರಿ ಹಿಡಿದಾನು. ನೀವಾಗಲಿ ನಾನಾಗಲಿ ಹಾಗೆಯೇ ಮಾಡುತ್ತಿದ್ದೆವು. ಆದರೆ ಜೋಶುವಾ ಸ್ಲೋಕಮ್ ಎಂಬವರು ಹಾಗೆ ಮಾಡಲಿಲ್ಲ. ಅವರು ಆ ದೋಣಿಯನ್ನು ತಮ್ಮ ಕೈಯಾರೆ ಮತ್ತೆ ಕಟ್ಟಿದರು. ಅದರಲ್ಲಿ ಒಬ್ಬರೇ ಕುಳಿತು ಭೂಮಂಡಲವನ್ನೇ ಸುತ್ತಿ ಬಂದರು. ಒಬ್ಬಂಟಿಯಾಗಿ ಹಾಯಿದೋಣಿಯಲ್ಲಿ ಜಗತ್ತನ್ನು ಸುತ್ತಿದವರಲ್ಲಿ ಅವರೇ ಮೊದಲಿಗರು. ಅವರ ಕಥೆಯನ್ನು ಈ ವಾರ ನಿಮ್ಮ ಮುಂದಿಡುತ್ತೇನೆ. ಇದು ಸಂತರ ಚರಿತ್ರೆಯಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಮರದ ದೋಣಿಯೊಂದನ್ನು ಮನಸಾರೆ ಪ್ರೀತಿಸಿದ ಒಬ್ಬ ಮನುಷ್ಯನ ಕಥೆ, ಅಷ್ಟೆ.

ಸ್ಲೋಕಮ್ ಹುಟ್ಟಿದ್ದು 1844ರ ಫೆಬ್ರವರಿ 20ರಂದು, ಕೆನಡಾದ ನೋವಾ ಸ್ಕೋಶಿಯಾದಲ್ಲಿ. ತಾಯಿ ದೀಪಸ್ತಂಭ ಕಾಯುವವರ ಮಗಳು. ತಂದೆ ಬಹಳ ಕಟ್ಟುನಿಟ್ಟಿನ ದೈವಭಕ್ತರು. ಬೆಸ್ತರಿಗೆ ಬೂಟುಗಳನ್ನು ಹೊಲಿದು ಕೊಡುವ ಕಸುಬು. ಹುಡುಗನೂ ಶಾಲೆ ಬಿಟ್ಟು ಆ ಚರ್ಮದ ವಾಸನೆಯ ಕೊಟ್ಟಿಗೆಯಲ್ಲಿ ದಿನವಿಡೀ ಕುಳಿತು ದುಡಿಯಬೇಕಾಯಿತು. ಹನ್ನೆರಡರ ಪ್ರಾಯದಲ್ಲಿ ಒಮ್ಮೆ ನೆಲಮಾಳಿಗೆಯಲ್ಲಿ ಅಡಗಿ ಕುಳಿತು ಪುಟ್ಟದೊಂದು ಹಡಗಿನ ಮಾದರಿಯನ್ನು ಕೆತ್ತುತ್ತಿದ್ದಾಗ ತಂದೆ ಕಂಡು, ಸಿಟ್ಟಿನಿಂದ ಅದನ್ನು ಕಸಿದು ಚೂರು ಚೂರು ಮಾಡಿದರಂತೆ. ತಂದೆ ತಾಯಂದಿರೇ, ಮಕ್ಕಳು ಕೈಯಿಂದ ಮಾಡಿದ್ದನ್ನು ಒಡೆಯುವ ಮುನ್ನ ಸ್ವಲ್ಪ ಯೋಚಿಸಿ! ಒಡೆದದ್ದರಿಂದ ಹುಡುಗನ ಸಮುದ್ರದ ಹುಚ್ಚು ಬಿಡಲಿಲ್ಲ, ಇನ್ನಷ್ಟು ಏರಿತು. 1860ರಲ್ಲಿ ತಾಯಿ ತೀರಿಕೊಂಡರು. ಅದೇ ವರ್ಷ, ಹದಿನಾರರ ಜೋಶುವಾ ಮನೆಬಿಟ್ಟು ಹಡಗು ಹತ್ತಿದ.

ಮುಂದಿನ ಇಪ್ಪತ್ತು ವರ್ಷಗಳ ಏರಿಕೆಯನ್ನು ಬೇಗನೆ ಹೇಳಿ ಮುಗಿಸಬಹುದು. ಸಾಮಾನ್ಯ ನಾವಿಕನಾಗಿ ಸೇರಿದ ಅವರು ಇಪ್ಪತ್ತೈದನೇ ವಯಸ್ಸಿಗೆ ಕಪ್ತಾನರಾದರು, ಅಮೆರಿಕದ ಪ್ರಜೆಯಾದರು. 1871ರ ಜನವರಿ 31ರಂದು ಆಸ್ಟ್ರೇಲಿಯದ ಸಿಡ್ನಿಯಲ್ಲಿ ವರ್ಜೀನಿಯಾ ವಾಕರ್ ಎಂಬ ಧೈರ್ಯವಂತೆಯನ್ನು ವರಿಸಿದರು. ಆಕೆ ಗಂಡನನ್ನು ದಡದಲ್ಲಿ ನಿಂತು ಕಾಯುವ ಹೆಂಗಸಲ್ಲ. ಮದುವೆಯಾದ ದಿನದಿಂದ ಹಡಗೇ ಆಕೆಯ ಮನೆ. ಏಳು ಮಕ್ಕಳನ್ನು ಹೆತ್ತರು. ಮೂರು ಎಳವೆಯಲ್ಲೇ ತೀರಿಕೊಂಡವು. ಉಳಿದ ನಾಲ್ವರಿಗೆ ಹಡಗಿನ ಕೋಣೆಯಲ್ಲೇ ಪಾಠ ಹೇಳಿಕೊಟ್ಟರು. ಇಂಥ ಸಂಸಾರವನ್ನು ಹೊತ್ತು ಒಂದಾದ ಮೇಲೊಂದು ಹಾಯಿಹಡಗು ಜಪಾನ್, ಚೀನಾ, ಫಿಲಿಪ್ಪೀನ್ಸ್, ಅಲಾಸ್ಕ ಎಂದು ಸುತ್ತಿತು.

ಆ ಸಂಸಾರ 1884ರ ಜುಲೈ 25ರಂದು ಮುರಿಯಿತು. ಅರ್ಜೆಂಟೀನಾದ ಬ್ಯೂನಸ್ ಐರಿಸ್ ಬಂದರಿನಲ್ಲಿ, ಅಕ್ವಿಡ್‌ನೆಕ್ ಎಂಬ ಹಡಗಿನ ಮೇಲೆ, ಮೂವತ್ತನಾಲ್ಕರ ವರ್ಜೀನಿಯಾ ಕಾಯಿಲೆಯಿಂದ ಕಣ್ಣು ಮುಚ್ಚಿದರು. ಅಮ್ಮ ಹೋದ ಮೇಲೆ ಅಪ್ಪ ಮೊದಲಿನಂತಾಗಲೇ ಇಲ್ಲವೆಂದು ಮಕ್ಕಳು ಮುಂದೆ ನೆನೆಸಿಕೊಂಡಿದ್ದಾರೆ. ಎರಡು ವರ್ಷದ ಬಳಿಕ ಸ್ಲೋಕಮ್ ಅವರು ತಮ್ಮ ಬಂಧು ಹೆನ್ರಿಯೆಟ್ಟಾ ಅವರನ್ನು ಮದುವೆಯಾದರು. ಮನೆಯವರಿಗೆ ಆಕೆ ಹೆಟ್ಟಿ. ಆದರೆ ಅದೃಷ್ಟ ತಿರುಗಿ ನೋಡಲಿಲ್ಲ. 1887ರಲ್ಲಿ ನಾವಿಕರ ದಂಗೆ ಎದ್ದಾಗ ಕಪ್ತಾನರ ಗುಂಡಿಗೆ ಒಬ್ಬ ಸತ್ತ. ವಿಚಾರಣೆ ನಡೆದು ಅವರು ಖುಲಾಸೆಯಾದರು. ಆ ವರ್ಷದ ಕೊನೆಯಲ್ಲಿ ಬ್ರೆಜಿಲ್ ಕರಾವಳಿಯ ಮರಳುದಿಬ್ಬಕ್ಕೆ ಸಿಕ್ಕಿ ಹಡಗೇ ಒಡೆದುಹೋಯಿತು. ವಿಮೆ ಇರಲಿಲ್ಲ. ಅಲ್ಲಿಗೆ ಅವರ ಆಸ್ತಿ ಮುಗಿಯಿತು.

ನೋಡಿ, ದೊಡ್ಡ ಹಡಗು ಹೋದ ಮೇಲೆ ಅವರ ಕೈ ಸಣ್ಣ ದೋಣಿಯ ಕಡೆಗೆ ಚಾಚಿತು. ಒಡೆದ ಹಡಗಿನಿಂದ ಉಳಿದ ಸಾಮಾನು, ಅಲ್ಲಿನ ಕಾಡಿನ ಮರ, ಕೆಲವೇ ಹತ್ಯಾರುಗಳು ಇವುಗಳಿಂದ ಸುಮಾರು 35 ಅಡಿ ಉದ್ದದ ದೋಣಿಯೊಂದನ್ನು ಕಟ್ಟಿದರು. ಹಾಯಿಗಳನ್ನು ಹೆಟ್ಟಿಯೇ ಹೊಲಿದರು. ಅದು ನೀರಿಗಿಳಿದದ್ದು 1888ರ ಮೇ 13ರಂದು. ಬ್ರೆಜಿಲ್‌ನಲ್ಲಿ ಗುಲಾಮಗಿರಿ ರದ್ದಾದದ್ದೂ ಅದೇ ದಿನ! ಅದಕ್ಕೇ ದೋಣಿಗೆ ಲಿಬರ್ಡಾಡೆ, ಅಂದರೆ ಸ್ವಾತಂತ್ರ್ಯ, ಎಂದು ಹೆಸರಿಟ್ಟರು. ಗಂಡ, ಹೆಂಡತಿ, ಇಬ್ಬರು ಹುಡುಗರು ಅದರಲ್ಲಿ 5,500 ಮೈಲಿಗಳಷ್ಟು ಪ್ರಯಾಣ ಮಾಡಿ ಅಮೆರಿಕದ ತೀರ ಮುಟ್ಟಿದರು. ಆಮೇಲೆ ಹೆಟ್ಟಿ ಗಂಡನೊಡನೆ ದೂರದ ಸಮುದ್ರಯಾನಕ್ಕೆ ಹೊರಡಲಿಲ್ಲ. ಆಕೆಯನ್ನು ದೂರಲು ನನಗಂತೂ ಮನಸ್ಸು ಬಾರದು.

ಆ ಹೊತ್ತಿಗೆ ಹಾಯಿಹಡಗುಗಳ ಕಾಲ ಮುಗಿಯುತ್ತಾ ಬಂದಿತ್ತು. ಎಲ್ಲೆಲ್ಲೂ ಉಗಿಹಡಗುಗಳು. ಅವರು ಕಲಿತ ವಿದ್ಯೆಯನ್ನು ಕೇಳುವವರೇ ಇಲ್ಲವಾಯಿತು. 1892ರ ಚಳಿಗಾಲದಲ್ಲಿ ಎಬೆನ್ ಪಿಯರ್ಸ್ ಎಂಬ ತಿಮಿಂಗಿಲ ಬೇಟೆಯ ನಿವೃತ್ತ ಕಪ್ತಾನರೊಬ್ಬರು ಬಾಸ್ಟನ್ನಿನಲ್ಲಿ ಸಿಕ್ಕಿ, ಫೇರ್‌ಹೇವನ್ ಊರಿಗೆ ಬಂದರೆ ಒಂದು ಹಡಗು ಕೊಡುತ್ತೇನೆ, ಸ್ವಲ್ಪ ರಿಪೇರಿ ಬೇಕಾದೀತು ಎಂದರು. ಸ್ಲೋಕಮ್ ಆಸೆಯಿಂದ ಹೋದರು. ಕಂಡದ್ದೇನು? ನೀರಿನಿಂದ ದೂರ, ಹುಲ್ಲು ಬೆಳೆದ ಹೊಲದಲ್ಲಿ, ಊರುಗೋಲು ಕೊಟ್ಟು ನಿಲ್ಲಿಸಿ ಮೇಲೆ ಗೋಣಿಬಟ್ಟೆ ಹೊದಿಸಿದ್ದ ಹಳೆಯ ಕಾಲದ ಸಿಂಪಿ ಹಿಡಿಯುವ ದೋಣಿ. ಹೆಸರು ಸ್ಪ್ರೇ, ಅಲೆಯಿಂದ ಸಿಡಿಯುವ ತುಂತುರು ಎಂದರ್ಥ. ಊರವರಿಗೆ ಅದೊಂದು ನಗೆಯ ವಸ್ತುವಾಗಿತ್ತು. ಇದನ್ನು ಒಡೆಯಲು ಬಂದಿರಾ ಎಂದು ಕೇಳಿದವರಿಗೆ, ಇಲ್ಲ, ಕಟ್ಟಲು ಬಂದಿದ್ದೇನೆ ಎಂದು ಅವರು ಉತ್ತರಿಸಿದಾಗ ಎಲ್ಲರೂ ಬೆರಗಾದರು. ಇದರಿಂದ ಲಾಭವುಂಟೇ ಎಂಬುದು ಎಲ್ಲರ ಮುಂದಿನ ಪ್ರಶ್ನೆ. ಇಂದೂ ಮನುಷ್ಯರು ಮೊದಲು ಕೇಳುವುದು ಅದನ್ನೇ ಅಲ್ಲವೇ?

ಕೊಡಲಿ ಹಿಡಿದು ಸಮೀಪದಲ್ಲೇ ನಿಂತಿದ್ದ ಓಕ್ ಮರವನ್ನು ಕಡಿದು ತಳಮರಕ್ಕೆಂದು ಹದ ಮಾಡಿದರು. ಪಕ್ಕೆಲುಬಿನಂಥ ಅಡ್ಡಮರಗಳಿಗೆ ನೇರವಾದ ಎಳೆಮರಗಳನ್ನು ಆರಿಸಿ, ಪೆಟ್ಟಿಗೆಯಲ್ಲಿಟ್ಟು ಆವಿಯಿಂದ ಬೇಯಿಸಿ, ಮೆತ್ತಗಾದಾಗ ದಿಮ್ಮಿಯ ಮೇಲೆ ಬಗ್ಗಿಸಿ ಕಟ್ಟಿದರು. ಒಂದೂವರೆ ಅಂಗುಲ ದಪ್ಪದ ಪೈನ್ ಹಲಗೆಗಳನ್ನು ಹೊದಿಸಿದರು. ಸಂದುಗಳಿಗೆ ಹತ್ತಿಯ ಎಳೆ, ಅದರ ಮೇಲೆ ನಾರು ತುರುಕಿ ನೀರು ಬಾರದಂತೆ ಮಾಡಿದರು. ಬಿಡುವಿನಲ್ಲಿ ಮುದಿ ಕಪ್ತಾನರು ಬಂದು ಕುಳಿತು, ಕೆಲಸ ನೋಡಿ ತಲೆಯಾಡಿಸಿ, ಹಳೆಯ ಕಥೆಗಳನ್ನು ಹೇಳಿ ಹೋಗುತ್ತಿದ್ದರು. ಹೀಗೆ 13 ತಿಂಗಳು ಕಳೆದವು. ಸಾಮಾನಿಗೆ ತಗಲಿದ ಖರ್ಚು 553 ಡಾಲರ್ 62 ಸೆಂಟ್. ಉದ್ದ 36 ಅಡಿ 9 ಅಂಗುಲ, ಅಗಲ 14 ಅಡಿ 2 ಅಂಗುಲ.

ಇಲ್ಲಿ ತತ್ವಶಾಸ್ತ್ರದ ಒಂದು ಹಳೆಯ ಒಗಟು ನೆನಪಾಗುತ್ತದೆ. ಗುರುಮಠದಲ್ಲಿ ಅದನ್ನು ಥೀಸಿಯಸ್‌ನ ಹಡಗು ಎಂದು ಓದಿದ್ದೆವು. ಹಡಗಿನ ಹಲಗೆಗಳನ್ನು ಒಂದೊಂದಾಗಿ ಬದಲಿಸುತ್ತಾ ಬಂದು ಎಲ್ಲವೂ ಹೊಸದಾದಾಗ ಅದು ಹಳೆಯ ಹಡಗೋ, ಬೇರೆಯೋ? ವಿದ್ಯಾರ್ಥಿಗಳಾದ ನಾವು ಈ ಬಗ್ಗೆ ಗಂಟೆಗಟ್ಟಲೆ ವಾದಿಸುತ್ತಿದ್ದೆವು. ಸ್ಲೋಕಮ್ ಅವರ ಎದುರು ಇದು ಪುಸ್ತಕದ ಪ್ರಶ್ನೆಯಾಗಿರಲಿಲ್ಲ. ಹಳೆಯದು ಎಲ್ಲಿ ಸತ್ತಿತು, ಹೊಸದು ಎಲ್ಲಿ ಹುಟ್ಟಿತು ಎಂದು ಗುರುತಿಸಲಾಗದಷ್ಟು ನಿಧಾನವಾಗಿ ಅದು ಬದಲಾಯಿತೆಂದು ಅವರಿಗೂ ಅನಿಸಿತ್ತು. ಹೆಸರನ್ನು ಮಾತ್ರ ಅವರು ಬದಲಿಸಲಿಲ್ಲ. ಮರ ಹೋದರೂ ಆಕಾರ ಉಳಿದರೆ ವಸ್ತು ಉಳಿದಂತೆ ಎಂದು ಅರಿಸ್ಟಾಟಲನ ಶಿಷ್ಯರು ಒಪ್ಪಬಹುದು. ಆ ಹದಿಮೂರು ತಿಂಗಳಲ್ಲಿ ಕಟ್ಟಿದವರೂ ಸ್ವಲ್ಪ ಸ್ವಲ್ಪವಾಗಿ ಬದಲಾಗಿರಬೇಕು ಎಂದು ನನಗನಿಸುತ್ತದೆ.

ಮೀನು ಹಿಡಿದು ಬದುಕಲು ನೋಡಿದರು, ಗಿಟ್ಟಲಿಲ್ಲ. 1895ರ ಏಪ್ರಿಲ್ 24ರಂದು ಬಾಸ್ಟನ್‌ನಿಂದ ಹಾಯಿ ಏರಿಸಿದರು. ಅವರ ಬಳಿ ಇದ್ದ ಗಡಿಯಾರ ಒಂದು ಡಾಲರಿಗೆ ಕೊಂಡ ತಗಡಿನದು. ಮುಂದೆ ಅದರ ನಿಮಿಷದ ಮುಳ್ಳು ಬಿದ್ದುಹೋಯಿತು, ನಿಂತಾಗಲೆಲ್ಲ ಕುದಿಯುವ ನೀರಿಗೆ ಅದ್ದಿ ಎಬ್ಬಿಸಬೇಕಾಯಿತು! ಅವರಿಗೆ ಈಜು ಬರುತ್ತಿರಲಿಲ್ಲ ಎಂದರೆ ನಂಬುತ್ತೀರಾ? ಕಲಿಯಲೂ ಇಲ್ಲ. ಮೊದಲ ದಿನಗಳ ಮಂಜಿನಲ್ಲಿ ಒಂಟಿತನ ಎದೆಗೆ ಬಡಿದಾಗ, ಇಲ್ಲದ ನಾವಿಕರಿಗೆ ಗಟ್ಟಿಯಾಗಿ ಆಜ್ಞೆ ಕೊಟ್ಟು ನೋಡಿದರು. ತಮ್ಮ ದನಿ ತಮಗೇ ಟೊಳ್ಳೆನಿಸಿ, ಅದನ್ನು ಬಿಟ್ಟು ಹಾಡತೊಡಗಿದರು. ಅಝೋರ್ಸ್ ದ್ವೀಪದವರು ಪ್ರೀತಿಯಿಂದ ಕೊಟ್ಟ ಪ್ಲಮ್ ಹಣ್ಣು, ಬಿಳಿ ಗಿಣ್ಣು ತಿಂದು ಹೊಟ್ಟೆ ಕೆಟ್ಟು ಬಿದ್ದ ರಾತ್ರಿ, ಕೊಲಂಬಸನ ಪಿಂಟಾ ಹಡಗಿನ ನಾವಿಕನೊಬ್ಬ ಬಂದು ಚುಕ್ಕಾಣಿ ಹಿಡಿದಂತೆ ಅವರಿಗೆ ಕಂಡಿತು. ಬೆಳಗ್ಗೆ ನೋಡಿದರೆ ದೋಣಿ ತಪ್ಪದೆ ದಾರಿಯಲ್ಲೇ ಇತ್ತು.

ಅದರ ಗುಟ್ಟು ದೋಣಿಯಲ್ಲೇ ಇತ್ತು. ತಳಮರ ಉದ್ದ, ಒಡಲು ಅಗಲ. ಹಾಯಿಗಳನ್ನು ಸರಿದೂಗಿಸಿ ಚುಕ್ಕಾಣಿಯನ್ನು ಹಗ್ಗದಿಂದ ಕಟ್ಟಿದರೆ ಸ್ಪ್ರೇ ತಾನಾಗಿಯೇ ದಾರಿ ಹಿಡಿದು ಸಾಗುತ್ತಿತ್ತು. 1897ರಲ್ಲಿ ಹಿಂದೂ ಮಹಾಸಾಗರದ ಕೀಲಿಂಗ್ ದ್ವೀಪಗಳಿಗೆ ಹೋಗುವಾಗ 23 ದಿನಗಳ 2,700 ಮೈಲಿಯಲ್ಲಿ ಅವರು ಚುಕ್ಕಾಣಿ ಮುಟ್ಟಿದ್ದು ಒಟ್ಟು ಮೂರು ಗಂಟೆಯೂ ಇಲ್ಲ. ಉಳಿದ ಹೊತ್ತು ಓದು, ಅಡುಗೆ, ಹರಿದ ಹಾಯಿಯ ಹೊಲಿಗೆ.

ಎಲ್ಲವೂ ಸುಖದ ಯಾನವೆಂದು ತಿಳಿಯಬೇಡಿ. ದಕ್ಷಿಣ ಅಮೆರಿಕದ ತುದಿಯ ಮೆಗಲನ್ ಜಲಸಂಧಿಯನ್ನು ಒಮ್ಮೆ ದಾಟಿದ ಮೇಲೆ ಬಿರುಗಾಳಿ ಹಿಂದಕ್ಕೆ ಅಟ್ಟಿ, ರಾತ್ರಿಯಿಡೀ ಬಂಡೆಗಳ ನಡುವೆ ಬಿಳಿನೊರೆಯ ಮಧ್ಯೆ ದಾರಿ ಹುಡುಕುವಂತಾಯಿತು; ಅದೇ ಜಲಸಂಧಿಯನ್ನು ಮತ್ತೆ ದಾಟಬೇಕಾಯಿತು. ಅದಕ್ಕೂ ಮೊದಲು ಬ್ಯೂನಸ್ ಐರಿಸ್‌ನಲ್ಲಿ ತಂಗಿದ್ದರು. ವರ್ಜೀನಿಯಾ ಅಲ್ಲೇ ಮಣ್ಣಾಗಿದ್ದರು. ಆ ಊರಿನ ಬಗ್ಗೆ ತಮ್ಮ ಪುಸ್ತಕದಲ್ಲಿ ತಮಾಷೆಯ ಸಂಗತಿಗಳನ್ನು ಬರೆದ ಸ್ಲೋಕಮ್ ಅವರು ಆ ಸಮಾಧಿಯ ಮಾತನ್ನು ಮಾತ್ರ ಎತ್ತುವುದಿಲ್ಲ.

ನಮ್ಮಂಥ ಗುರುಗಳು ಕಿವಿಗೊಡಬೇಕಾದ ಪ್ರಸಂಗವೊಂದು ಮಾರಿಷಸ್ ಬಳಿಯ ರೊಡ್ರಿಗಸ್ ದ್ವೀಪದಲ್ಲಿ ನಡೆಯಿತು. ಅಲ್ಲಿನ ಕಥೋಲಿಕ ಗುರುಗಳು ಕೆಲವೇ ದಿನಗಳ ಹಿಂದೆ ಕ್ರಿಸ್ತವಿರೋಧಿಯ ಆಗಮನದ ಬಗ್ಗೆ ಬಿರುಸಾದ ಪ್ರಬೋಧನೆ ಕೊಟ್ಟಿದ್ದರು. ಅಷ್ಟರಲ್ಲಿ ಗಾಳಿಗೆ ಹಾಯಿ ಉಬ್ಬಿಸಿಕೊಂಡು ಒಬ್ಬನೇ ಮನುಷ್ಯನಿರುವ ದೋಣಿ ನುಗ್ಗಿ ಬಂತು! ಬಂದೇಬಿಟ್ಟ, ಅದೂ ದೋಣಿಯಲ್ಲಿ ಎಂದು ಜನ ಬೆದರಿದರು. ವೃದ್ಧೆಯೊಬ್ಬಳು ಬಾಗಿಲಿಗೆ ಅಗುಳಿ ಹಾಕಿಕೊಂಡವಳು ಅವರು ಅಲ್ಲಿದ್ದ ಎಂಟು ದಿನವೂ ಹೊರಬರಲಿಲ್ಲ. ಪ್ರಬೋಧನೆಯನ್ನು ಯಾರೂ ಕೇಳುವುದಿಲ್ಲ ಎಂದು ಕೊರಗುವ ನನಗೆ ಈ ಅಜ್ಜಿಯ ನೆನಪು ಸಮಾಧಾನ ಕೊಡುತ್ತದೆ. ಅದೇ ಗುರುಗಳು ಮುಂದೆ ಸ್ಲೋಕಮ್ ಅವರನ್ನು ಬೆಟ್ಟದ ಮೇಲಿನ ಸಂತ ಗಬ್ರಿಯೇಲರ ಮಠಕ್ಕೆ ಕರೆದೊಯ್ದು ಉಪಚರಿಸಿದರು. ಬೀಳ್ಕೊಡುವಾಗ ಅಪ್ಪಿಕೊಂಡು, ನಿಮ್ಮ ಧರ್ಮ ಯಾವುದೇ ಇರಲಿ, ರಕ್ಷಕ ಕ್ರಿಸ್ತ ಸದಾ ಜೊತೆಗಿರಲೆಂದು ಹರಸಿದರು. ಧರ್ಮದವರೆಲ್ಲ ಹೀಗಿದ್ದಿದ್ದರೆ ಲೋಕದಲ್ಲಿ ಇಷ್ಟು ರಕ್ತ ಹರಿಯುತ್ತಿರಲಿಲ್ಲವೆಂದು ನಾವಿಕ ಉತ್ತರಿಸಿದರು. ಎರಡನೇ ವ್ಯಾಟಿಕನ್ ಮಹಾಸಭೆಗೆ ಅರವತ್ತೈದು ವರ್ಷ ಮೊದಲಿನ ಮಾತು ಇದು.

1898ರ ಜೂನ್ 27ರ ಮಧ್ಯರಾತ್ರಿ ಕಳೆದು ಒಂದು ಗಂಟೆಗೆ ಸ್ಪ್ರೇ ಅಮೆರಿಕದ ನ್ಯೂಪೋರ್ಟ್ ತಲುಪಿತು. ಮೂರು ವರ್ಷ ಎರಡು ತಿಂಗಳು, 46,000 ಮೈಲಿ. ಅಷ್ಟಕ್ಕೂ ಅವರಿಗೆ ಸಮಾಧಾನವಾಗಲಿಲ್ಲ. ಜುಲೈ 3ರಂದು ಫೇರ್‌ಹೇವನ್‌ಗೆ ಹೋಗಿ, ಮೊದಲ ಸಲ ನೀರಿಗಿಳಿಸಿದಾಗ ದಡದಲ್ಲಿ ನೆಟ್ಟಿದ್ದ ದೇವದಾರು ಗೂಟಕ್ಕೇ ದೋಣಿಯನ್ನು ಕಟ್ಟಿದರು. ಅದಕ್ಕಿಂತ ಮನೆಯ ಹತ್ತಿರಕ್ಕೆ ಅದನ್ನು ತರಲು ಸಾಧ್ಯವಿರಲಿಲ್ಲ.

ಮನೆ ಎಂದೆನಲ್ಲ, ಹೆಟ್ಟಿ ಆ ಮೂರು ವರ್ಷ ದಡದಲ್ಲೇ ಇದ್ದರು. ಮಕ್ಕಳಲ್ಲಿ ಕಿರಿಯವನಿಗೆ ಅಪ್ಪ ಹೊರಟಾಗ ಇನ್ನೂ ಹದಿನಾಲ್ಕರ ವಯಸ್ಸು. 1900ರಲ್ಲಿ ಪ್ರಕಟವಾದ ಪುಸ್ತಕದಿಂದ ಹೆಸರೂ ಹಣವೂ ಬಂದವು. 1902ರಲ್ಲಿ ಮಾರ್ತಾಸ್ ವಿನಿಯಾರ್ಡ್ ದ್ವೀಪದಲ್ಲಿ ಜಮೀನು ಕೊಂಡು ಒಕ್ಕಲುತನಕ್ಕೆ ಕೈಹಚ್ಚಿದರು. ಗಂಡ ಹೆಂಡತಿ ಈಗಲಾದರೂ ಒಂದೇ ಸೂರಿನಡಿ ನೆಲೆಸಿಯಾರು ಎಂದು ಓದುವಾಗ ನಮಗೂ ಆಸೆಯಾಗುತ್ತದೆ. ಆದರೆ ಚಳಿಗಾಲ ಬಂತೆಂದರೆ ಅವರು ದೋಣಿ ಬಿಚ್ಚಿ ಒಬ್ಬರೇ ದಕ್ಷಿಣಕ್ಕೆ ಹೊರಟುಬಿಡುತ್ತಿದ್ದರು. ನಲವತ್ತು ವರ್ಷ ಅಲೆಯ ಮೇಲೆ ಮಲಗಿದವರಿಗೆ ಅಲುಗಾಡದ ಮಂಚದಲ್ಲಿ ನಿದ್ದೆ ಬರಲಿಲ್ಲವೋ ಏನೋ. ಅದು ದೋಣಿಯ ಮೇಲಿನ ನಿಷ್ಠೆಯೋ, ಸಂಸಾರದಿಂದ ಓಟವೋ? ಎರಡೂ ಇತ್ತೆಂದು ನನ್ನ ಎಣಿಕೆ.

ಇನ್ನೊಂದು ಸಂಗತಿಯಿದೆ. ಮುಚ್ಚಿಡುವುದು ನ್ಯಾಯವಲ್ಲ. 1906ರಲ್ಲಿ ನ್ಯೂಜೆರ್ಸಿಯ ರಿವರ್ಟನ್ ಎಂಬಲ್ಲಿ, ದೋಣಿ ನೋಡಲು ಬಂದ ಹನ್ನೆರಡು ವರ್ಷದ ಬಾಲಕಿಯೊಡನೆ ಅಸಭ್ಯವಾಗಿ ನಡೆದರೆಂಬ ಆರೋಪ ಅವರ ಮೇಲೆ ಬಂತು. ನ್ಯಾಯಾಲಯದಲ್ಲಿ ಅವರು ಆರೋಪವನ್ನು ಎದುರಿಸಲಿಲ್ಲ. 42 ದಿನ ಸೆರೆಯಲ್ಲಿದ್ದರು. ಕೆಲವು ಜೀವನಚರಿತ್ರೆಗಳಲ್ಲಿ ಇದನ್ನು ಒಂದು ಸಾಲಿನಲ್ಲಿ ದಾಟಿಬಿಡುತ್ತಾರೆ. ಹೆಣ್ಣುಮಕ್ಕಳಿರುವ ಮನೆಗಳಲ್ಲಿ ಈ ಪುಟವನ್ನು ಓದುತ್ತಾರೆ. ಸಾಹಸಿಯ ಕೀರ್ತಿಗಾಗಿ ಆ ಬಾಲಕಿಯನ್ನು ಮರೆಯಬೇಕೆಂದು ನಾನು ಹೇಳಲಾರೆ.

ಕೊನೆಯ ವರ್ಷಗಳಲ್ಲಿ ಸ್ಪ್ರೇ ಕಂಡವರು ಮರುಗಿದರು. ಒಂದು ಕಾಲಕ್ಕೆ ಹಂಸದಂತೆ ನೀರಿನಲ್ಲಿ ಕುಳಿತಿದ್ದ ದೋಣಿಯ ಹಗ್ಗಗಳು ಸವೆದಿದ್ದವು, ಬಣ್ಣ ಹೋಗಿತ್ತು. ಮರದ ದೋಣಿಯ ಸ್ವಭಾವವೇ ಹಾಗೆ. ವರ್ಷ ವರ್ಷವೂ ಸಂದು ತುಂಬಬೇಕು, ಕೊಳೆತ ಹಲಗೆ ತೆಗೆಯಬೇಕು, ಬಣ್ಣ ಬಳಿಯಬೇಕು. ಯಜಮಾನರ ಕೈಗಳಿಗೂ ವಯಸ್ಸಾಗಿತ್ತು. ಆದರೂ ವೆನಿಜುವೆಲಾದ ಒರಿನೋಕೊ ನದಿಯನ್ನೇರಿ ಅಮೆಝಾನ್‌ವರೆಗೆ ಹೋಗುವ ಮಾತಾಡುತ್ತಿದ್ದರು.

1909ರ ನವೆಂಬರ್ 14ರಂದು, ದಾಖಲೆಗಳು ಒಪ್ಪುವ ದಿನಾಂಕ ಅದು, ಅರವತ್ತೈದರ ಸ್ಲೋಕಮ್ ಒಬ್ಬರೇ ವೆಸ್ಟ್ ಇಂಡೀಸ್ ಕಡೆಗೆ ಹಾಯಿ ಏರಿಸಿದರು. ಮರುವರ್ಷದ ಜುಲೈನಲ್ಲಿ, ಗಂಡ ಕಡಲಪಾಲಾದರೆಂದೇ ತಾನು ನಂಬುವುದಾಗಿ ಹೆಟ್ಟಿ ಪತ್ರಿಕೆಗಳಿಗೆ ತಿಳಿಸಿದರು. ಅವರು ಮೃತರೆಂದು ಕಾನೂನು ಒಪ್ಪಿದ್ದು 1924ರಲ್ಲಿ. ಆ ದೋಣಿಯ ಒಂದು ಹಲಗೆಯೂ ಯಾರ ಕೈಗೂ ಸಿಗಲಿಲ್ಲ.