ರಾಧಾನಾಥ ಸಿಕ್ದಾರ್: ಸಾಫ್ಟ್‌ವೇರ್ ಇಲ್ಲದ ಕಾಲದ ಕಂಪ್ಯೂಟರ್

ಸೆನ್ಸರ್ ಕೊಟ್ಟ ಡೇಟಾ ಫೈಲನ್ನು ಹಂಗೇ ಗ್ರಾಫ್ ಸಾಫ್ಟ್‌ವೇರ್‌ಗೆ ಹಾಕಿದರೆ ಕೆಲಸ ಆಗಲ್ಲ. ಕಾಲಂ ಬೇರೆ ಮಾಡಬೇಕು, ಯುನಿಟ್ ಒಂದೇ ಮಾಡಬೇಕು, ಸಿಎಸ್‌ವಿ ಮಾಡಿ ಸೇವ್ ಮಾಡಬೇಕು. ಆಮೇಲೆ ಗೆರೆ ಬರ್ತದ. ಇಂಥದ್ದೇ ಕೆಲಸವನ್ನು ಬರೀ ಪೆನ್ನು, ಕಾಗದ ಹಿಡಿದು ಮಾಡಿದವರು ರಾಧಾನಾಥ ಸಿಕ್ದಾರ್.

1813ರಲ್ಲಿ ಕಲ್ಕತ್ತೆಯಲ್ಲಿ ಹುಟ್ಟಿದರು. ಹಿಂದೂ ಕಾಲೇಜಿನಲ್ಲಿ ಓದಿದರು. 1831ರಲ್ಲಿ ಗ್ರೇಟ್ ಟ್ರಿಗೊನೊಮೆಟ್ರಿಕಲ್ ಸರ್ವೆಗೆ ಸೇರಿದಾಗ ಹೆಚ್ಚುಕಡಿಮೆ ನಮ್ಮದೇ ವಯಸ್ಸು. ಹುದ್ದೆಯ ಹೆಸರೇ ‘ಕಂಪ್ಯೂಟರ್’! ಮೇಲಧಿಕಾರಿ ಜಾರ್ಜ್ ಎವರೆಸ್ಟ್.

ಈ ಸರ್ವೆಗೂ ನಮ್ಮೂರಿಗೂ ಸಂಬಂಧ ಅದ. ಎವರೆಸ್ಟ್ ಅಳೆಸಿದ ಉದ್ದನೆಯ ರೇಖೆಯ ದಕ್ಷಿಣದ ತುದಿ ಬೀದರ್ ಹತ್ತಿರದ ದಾಮರಗಿದ್ದ. 1841ರಲ್ಲಿ ಬೀದರ್‌ನಲ್ಲೇ ನೆಲದ ಮೇಲೆ ಒಂದು ಬೇಸ್‌ಲೈನ್ ಅಳೆದರು. ದಿನಾ ಭಾಲ್ಕಿ, ಔರಾದ್ ಬಸ್ಸಿನಲ್ಲಿ ಓಡಾಡುವ ನಮಗೆ ಇದು ಯಾವ ಕ್ಲಾಸಿನಲ್ಲೂ ಸಿಗಲಿಲ್ಲ. ಒಂದು ಬೇಸ್‌ಲೈನ್, ಉಳಿದದ್ದೆಲ್ಲ ಬರೀ ಕೋನಗಳು. ಆ ಕೋನಗಳನ್ನು ತಿದ್ದಿ, ತ್ರಿಕೋನ ಬಿಡಿಸಿ, ಅಕ್ಷಾಂಶ ರೇಖಾಂಶ ಮಾಡಿದ ಮೇಲೇನೇ ನಕ್ಷೆ. ಆ ನಡುವಿನ ಕೆಲಸವೇ ಕಂಪ್ಯೂಟರ್‌ಗಳದ್ದು.

1852ರ ಹೊತ್ತಿಗೆ ಕಲ್ಕತ್ತೆಯ ಹವಾಮಾನ ವೀಕ್ಷಣೆಯೂ ಇವರ ಕೈಗೆ ಬಂತು. ಅಲ್ಲೊಂದು ತೊಂದರೆ. ಬಿಸಿಗೆ ಬ್ಯಾರೋಮೀಟರಿನ ಪಾದರಸ ಹಿಗ್ಗುತ್ತದೆ, ಹಿತ್ತಾಳೆ ಸ್ಕೇಲೂ ಸ್ವಲ್ಪ ಹಿಗ್ಗುತ್ತದೆ. ನಿಜವಾದ ಒತ್ತಡ 760 ಮಿ.ಮೀ. ಇದ್ದರೂ 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 3.7 ಮಿ.ಮೀ. ಜಾಸ್ತಿ ತೋರಿಸುತ್ತದೆ. ಬೆಳಗಿನ ರೀಡಿಂಗು, ಮಧ್ಯಾಹ್ನದ ರೀಡಿಂಗು ಒಂದೇ ಗ್ರಾಫಿನಲ್ಲಿ ಹಾಕಿದರೆ ಸುಳ್ಳು ಗೆರೆ ಬರ್ತದ. ಎಲ್ಲವನ್ನೂ 0 ಡಿಗ್ರಿಗೆ ಇಳಿಸುವ ಸೂತ್ರವನ್ನು ಸಿಕ್ದಾರ್ ತಾವೇ ಕಟ್ಟಿದರು.

ಹಿಮಾಲಯದ 15ನೇ ಶಿಖರದ ಲೆಕ್ಕದಲ್ಲೂ ಇವರ ಪಾಲು ದೊಡ್ಡದು. 1856ರಲ್ಲಿ ಅದರ ಎತ್ತರ 29,002 ಅಡಿ ಎಂದು ಪ್ರಕಟವಾಯಿತು. ಹೆಸರು ಮಾತ್ರ ಎವರೆಸ್ಟ್ ಸಾಹೇಬರದ್ದು.

ಇವರು ಲೆಕ್ಕದಲ್ಲಷ್ಟೇ ಗಟ್ಟಿಯಲ್ಲ. 1843ರಲ್ಲಿ ಡೆಹ್ರಾಡೂನಿನ ಮ್ಯಾಜಿಸ್ಟ್ರೇಟ್ ಸರ್ವೆ ಕೂಲಿಗಳನ್ನು ಬಿಟ್ಟಿ ದುಡಿಸಿಕೊಂಡಾಗ ಎದುರು ನಿಂತು 200 ರೂಪಾಯಿ ದಂಡ ಕಟ್ಟಿದರು. 1854ರಲ್ಲಿ ಪ್ಯಾರಿಚಂದ್ ಮಿತ್ರರ ಜೊತೆ ಸೇರಿ, ಹೆಣ್ಣುಮಕ್ಕಳಿಗೂ ತಿಳಿಯುವ ಸರಳ ಬಂಗಾಳಿಯಲ್ಲಿ ಪತ್ರಿಕೆ ತಂದರು. 1870ರಲ್ಲಿ ತೀರಿಕೊಂಡರು.

ಸರ್ವೆ ಇಲಾಖೆಯ ಕೈಪಿಡಿಯ ಗಣಿತದ ಭಾಗಗಳು ಇವರವು. ಮೊದಲ ಮುದ್ರಣ ಅದನ್ನು ಒಪ್ಪಿತ್ತು. ಇವರು ಸತ್ತ ಮೇಲೆ, 1875ರ ಮುದ್ರಣದಲ್ಲಿ ಲೆಕ್ಕ ಉಳಿಯಿತು, ಹೆಸರು ಹೋಯಿತು. ಆಗಿನ ಪತ್ರಿಕೆಯೊಂದು ಇದನ್ನು ಖಂಡಿಸಿತು.

ನಮ್ಮ ಪ್ರಾಜೆಕ್ಟ್‌ಗಳಲ್ಲೂ ಗ್ರಾಫ್ ತೋರಿಸಿದವರಿಗೆ ಚಪ್ಪಾಳೆ. ರಾತ್ರಿ ಕೂತು ಡೇಟಾ ಸರಿಮಾಡಿದ ಗೆಳೆಯನ ಹೆಸರೂ ರಿಪೋರ್ಟಿನಲ್ಲಿ ಇರಲಿ. ಒಂದು ಸಾಲು ಸಾಕು.