ಕಾಂಗೋ ದೇಶದ ಬಂದಿ ಪ್ರವಾದಿ

ಬೋಧಿಸಿದ್ದು ಐದಾರು ತಿಂಗಳು, ಸೆರೆಯಲ್ಲಿ ಕಳೆದದ್ದು ಮೂವತ್ತು ವರ್ಷ. ಮಧ್ಯ ಆಫ್ರಿಕದ ಕಾಂಗೋ ದೇಶದಲ್ಲಿ ಒಂದು ಹೊಸ ಮತಪಂಥಕ್ಕೆ ಮೂಲಪುರುಷನಾದ ಸೈಮನ್ ಕಿಂಬಾಂಗುವಿನ ಚರಿತ್ರೆಯು ಇಂಥದು.

ದೇಶವು ಬೆಲ್ಜಿಯಂನ ಅರಸನ ವಶಕ್ಕೆ ಹೋಗುತ್ತಿದ್ದ ಕಾಲದಲ್ಲಿ, 1887ರಲ್ಲಿ, ಆತನು ನ್ಕಾಂಬಾ ಎಂಬ ಹಳ್ಳಿಯಲ್ಲಿ ಜನಿಸಿದನು. ಇಂಗ್ಲಿಷ್ ಬ್ಯಾಪ್ಟಿಸ್ಟ್ ಮಿಶನ್ನಿನವರಲ್ಲಿ ಶಿಕ್ಷಣ ಹೊಂದಿ, 1915ರಲ್ಲಿ ದೀಕ್ಷಾಸ್ನಾನ ಪಡೆದು, ಉಪದೇಶಿಯಾದನು. 1921ನೆಯ ಏಪ್ರಿಲ್ 6ರಂದು ರೋಗಿಯಾದ ಹೆಂಗಸೊಬ್ಬಳನ್ನು ಪ್ರಾರ್ಥನೆಯಿಂದ ಗುಣಪಡಿಸಿದನೆಂಬ ವಾರ್ತೆ ಹಬ್ಬಿತು. ಪವಾಡದ ಸತ್ಯಾಸತ್ಯತೆಯ ಚರ್ಚೆ ನಮಗೆ ಬೇಕಿಲ್ಲ. ಜನರು ಬಂದರೆಂಬುದು ಸತ್ಯ. ತೋಟದ ಕೂಲಿಗಳು ಕೆಲಸ ಬಿಟ್ಟು ನ್ಕಾಂಬಾಕ್ಕೆ ನಡೆದರು; ಆಸ್ಪತ್ರೆಗಳು ಬರಿದಾದವು. ಆತನು ಮಾಟದ ಬೊಂಬೆಗಳನ್ನು ತೊರೆಯಿಸಿದನು, ಬಹುಪತ್ನೀತ್ವವನ್ನು ನಿಷೇಧಿಸಿದನು. ಆಯುಧವೆತ್ತೆಂದು ಯಾರಿಗೂ ಹೇಳಲಿಲ್ಲ. ಆದರೆ ಪರಾಧೀನ ಜನಾಂಗದವನೊಬ್ಬನ ಬಾಯಿಂದ ದೇವವಾಕ್ಯವನ್ನು ಕೇಳಲು ಸಾವಿರಾರು ಜನ ಕೂಡಿದುದೇ ದೊರೆತನಕ್ಕೆ ರಾಜದ್ರೋಹವಾಗಿ ಕಂಡಿತು.

ಜೂನಿನಲ್ಲಿ ಸಿಪಾಯಿಗಳ ಕೈಯಿಂದ ತಪ್ಪಿಸಿಕೊಂಡವನು ಸೆಪ್ಟೆಂಬರಿನಲ್ಲಿ ತಾನಾಗಿಯೇ ಬಂದು ಸೆರೆಯಾದನು. ಥೈಸ್‌ವಿಲ್ಲಿನಲ್ಲಿ ಸೈನಿಕ ನ್ಯಾಯಾಸನದ ಮುಂದೆ, ಪ್ರತಿವಾದಿಯ ಪರವಾಗಿ ವಕೀಲನೇ ಇಲ್ಲದೆ, ವಿಚಾರಣೆ ನಡೆಯಿತು. ಅಕ್ಟೋಬರ್ 3ರ ತೀರ್ಪು: 120 ಛಡಿಯೇಟು, ತರುವಾಯ ಮರಣದಂಡನೆ. ಏಟು ತಿಂದ ದೇಹವನ್ನು ಮತ್ತೆ ಕೊಲ್ಲುವ ಈ ನ್ಯಾಯಕ್ಕೆ ನಾಗರಿಕತೆಯ ಹೆಸರೂ ಇತ್ತು! ಬ್ಯಾಪ್ಟಿಸ್ಟ್ ಪಾದ್ರಿಗಳು ದಯೆಗಾಗಿ ಬೇಡಿಕೊಂಡರು. ಅರಸ ಒಂದನೆಯ ಆಲ್ಬರ್ಟನು ಮರಣದಂಡನೆಯನ್ನು ಆಜನ್ಮ ಕಾರಾಗೃಹವಾಸಕ್ಕೆ ಇಳಿಸಿದನು. ಹುಟ್ಟೂರಿನಿಂದ ಸುಮಾರು 1,000 ಮೈಲಿ ದೂರದ ಎಲಿಜಬೆತ್‌ವಿಲ್ಲಿನಲ್ಲಿ, 1951ರ ಅಕ್ಟೋಬರ್ 12ರಂದು, ಆತನು ಸೆರೆಯಾಳಾಗಿಯೇ ಮೃತನಾದನು.

ಅಷ್ಟರಲ್ಲಿ ಸರಕಾರವು ಅನುಯಾಯಿಗಳನ್ನು ಕುಟುಂಬಸಹಿತ ದೂರದ ಪ್ರಾಂತಗಳಿಗೆ ಗಡೀಪಾರು ಮಾಡಿತ್ತು. ಒಂದು ಸೀಮೆಯಲ್ಲಿದ್ದ ಪಂಥವು ಹೀಗೆ ಅಧಿಕಾರಿಗಳ ಕೈಯಿಂದಲೇ ದೇಶವೆಲ್ಲ ಬಿತ್ತನೆಯಾಯಿತು. ಪತ್ನಿ ಮೇರಿ ಮುಯಿಲು ಅದನ್ನು ಗುಪ್ತವಾಗಿ ಕಾಪಾಡಿದಳು. ಕಿರಿಯ ಮಗ ಜೋಸೆಫ್ ದಿಯಾಂಗಿಯೆಂಡಾ ಅದಕ್ಕೆ ಸಂಸ್ಥೆಯ ರೂಪ ಕೊಟ್ಟನು. 1959ರ ಡಿಸೆಂಬರಿನಲ್ಲಿ ಸರಕಾರ ಮನ್ನಣೆಯಿತ್ತಿತು. ಆರು ತಿಂಗಳ ಮೇಲೆ, 1960ರ ಜೂನ್ 30ರಂದು, ಸರಕಾರವೇ ಗಂಟುಮೂಟೆ ಕಟ್ಟಿತು. 1969ರಲ್ಲಿ ಜಗತ್ತಿನ ಚರ್ಚುಗಳ ಒಕ್ಕೂಟವು ಪಂಥವನ್ನು ಸೇರಿಸಿಕೊಂಡಿತು. 2023ರಿಂದ ಏಪ್ರಿಲ್ 6 ಕಾಂಗೋದಲ್ಲಿ ಸಾರ್ವಜನಿಕ ರಜೆ.

ಬೊಂಬೆಗಳನ್ನು ತೊರೆಯಿಸಿದ ಈ ಉಪದೇಶಿಯನ್ನು ಅನುಯಾಯಿಗಳು ಇಂದು ಪವಿತ್ರಾತ್ಮನ ಅವತಾರವೆಂದೇ ನಂಬುತ್ತಾರೆ. ಇತರ ಚರ್ಚುಗಳು ಇದನ್ನು ಒಪ್ಪವು. ಆತನು ಬದುಕಿದ್ದರೆ ಒಪ್ಪುತ್ತಿದ್ದನೇ ಎಂಬುದು ನಮ್ಮ ಸಂಶಯ. 1960ರಲ್ಲಿ ಆತನ ಅಸ್ಥಿಗಳನ್ನು ನ್ಕಾಂಬಾಕ್ಕೆ ತಂದರು. ಯಾತ್ರಿಕರು ಪಾದರಕ್ಷೆ ಕಳಚಿ ಆ ಊರನ್ನು ಹೊಗುತ್ತಾರೆ. ಅಲ್ಲಿಯ ಚಿಲುಮೆಯ ನೀರನ್ನು ತುಂಬಿಕೊಂಡು ಮನೆಗೆ ಒಯ್ಯುತ್ತಾರೆ.